ಆರನೆಯ ಪೆಟ್ಟಿಗೆ

ಚಂದಾಪುರದಲ್ಲಿ ಬಸಲಿಂಗನ ಸಿ.ಡಿ. ಅಂಗಡಿ ಇದ್ದದ್ದು ಶ್ಯಾಮಣ್ಣನವರ ಮಳಿಗೆಯಲ್ಲಿ. ಮದುವೆ, ನಾಮಕರಣದ ಹಾಡುಗಳನ್ನು ರೆಕಾರ್ಡ್ ಮಾಡಿ ಸಿ.ಡಿ.ಗೆ ಹಾಕಿಕೊಡುವುದು ಅವನ ಕಸುಬು. ಆ ವರ್ಷ ಶ್ಯಾಮಣ್ಣ ಹೊಸ ಮನೆ ಕಟ್ಟಿಸಿ ನಡುಮನೆಗೆ ಆರು ಸ್ಪೀಕರ್ ಪೆಟ್ಟಿಗೆಯ ಹೋಮ್ ಥಿಯೇಟರ್ ತಂದರು. ಅವರ ಹೆಂಡತಿ ಅಂಜಿನಮ್ಮನಿಗೆ ಅದರಲ್ಲಿ ಸಿನಿಮಾ ನೋಡುವ ಆಸೆಯೇನೂ ಇರಲಿಲ್ಲ. ತಾವು ಹಾಡುವ ಸೋಬಾನೆ ಪದ ಅದರಲ್ಲಿ ಕೇಳಬೇಕಿತ್ತು.

"ಹಾಡೋರು ಆರು ಜನ, ಪೆಟ್ಗೇನೂ ಆರೈತೆ. ಒಬ್ಬೊಬ್ರು ಒಂದೊಂದ್ರಲ್ಲಿ ಬರ್ಬೇಕು ಕಣಪ್ಪ. ಯಾರ ದನಿ ಯಾವ್ದು ಅಂತ ತಿಳೀಬೇಕು" ಎಂದಳು.

"ಒಂದು ದನೀನೂ ಹೋಗದ ಹಾಗೆ ಮಾಡ್ಕೊಡ್ತೀನಿ ಅಕ್ಕ" ಎಂದ ಬಸಲಿಂಗ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕೆಲಸವೇನೋ ಅವನಿಗೆ ಬರುತ್ತಿತ್ತು. ಎಲ್ಲರ ಹಾಗೆ ಸಿ.ಡಿ.ಗೆ ಹಾಕಿದರೆ ಆರು ದನಿಯೂ ಕಲಸಿ ಎರಡಾಗಿಬಿಡುತ್ತವೆ. ಆರನ್ನೂ ಒಂದೇ ಕಂತೆಯಾಗಿ ಕಟ್ಟಿ ಬರೆಯುವ ಉಪಾಯವನ್ನು ಅವನು ಕಲಿತಿದ್ದ. ಆ ಸಿ.ಡಿ. ಮಾಮೂಲಿ ಪ್ಲೇಯರಿನಲ್ಲಿ ಬರೀ ಸುಯ್ ಎನ್ನುತ್ತದೆ. ಹೋಮ್ ಥಿಯೇಟರಿಗೆ ಹಾಕಿದರೆ ಕಂತೆ ಬಿಚ್ಚಿ ಒಂದೊಂದು ದನಿಯೂ ತನ್ನ ಪೆಟ್ಟಿಗೆಗೆ ಹೋಗುತ್ತದೆ. ತೊಂದರೆ ಇದ್ದದ್ದು ಆರನೆಯ ಪೆಟ್ಟಿಗೆಯಲ್ಲಿ. ನೆಲದ ಮೇಲೆ ಕೂರುವ ಆ ದಪ್ಪ ಪೆಟ್ಟಿಗೆ ಗುಡುಗು, ತಮಟೆಯಂಥ ಸದ್ದಿಗೆ ಮಾತ್ರ. ಹೆಂಗಸರ ದನಿ ಅದರಿಂದ ಹೊರಡುವುದೇ ಇಲ್ಲ.

ಇಬ್ಬರ ದನಿಯನ್ನು ಒಂದೇ ಪೆಟ್ಟಿಗೆಗೆ ಸೇರಿಸಿದ್ದರೆ ಮುಗಿಯುತ್ತಿತ್ತು. ಆದರೆ ಹಾಡಿದವರಲ್ಲಿ ಐವರು ಅಂಜಿನಮ್ಮ ಮತ್ತು ಅವಳ ವಾರಗಿತ್ತಿಯರು. ಒಂದು ಒಲೆಯಲ್ಲಿ ಬೇಯಿಸಲಾಗದೆ ಬೇರೆಯಾದವರು ಒಂದು ಪೆಟ್ಟಿಗೆಯಲ್ಲಿ ಹಾಡಿಯಾರೇ? ಆರನೆಯವಳು ದುರ್ಗವ್ವ. ರಾಯಚೂರು ಕಡೆಯವಳು, ಗಾರ್ಮೆಂಟ್ಸ್ ಕೆಲಸದವಳು, ಅಂಜಿನಮ್ಮನ ವಠಾರದ ಹಿಂದಿನ ಕೋಣೆಯ ಬಾಡಿಗೆದಾರಳು. ಅವಳ ಜೊತೆ ಪೆಟ್ಟಿಗೆ ಹಂಚಿಕೊಳ್ಳಲು ವಾರಗಿತ್ತಿಯರಲ್ಲಿ ಯಾರೂ ಒಪ್ಪುವವರಲ್ಲ. ಬಟ್ಟೆ ಒಗೆಯುತ್ತಾ ಹಾಡುತ್ತಿದ್ದುದನ್ನು ಕೇಳಿ ಅಂಜಿನಮ್ಮನೇ ಅವಳನ್ನು ಕರೆದಿದ್ದಳು. ಚಂದಾಪುರದವರ ಸಾಲಿನಲ್ಲಿ ಕೂತು ಹಾಡುವ ಭಾಗ್ಯ ಅವಳಿಗೆ ಅದೇ ಮೊದಲು. ತನ್ನ ದನಿ ಹೊರಗಿನಿಂದ ಹೇಗೆ ಕೇಳುತ್ತದೆ ಎಂದು ದಿನಾ ಅಂಗಡಿಗೆ ಬಂದು ವಿಚಾರಿಸುತ್ತಿದ್ದಳು.

ಬಸಲಿಂಗನೂ ಅದೇ ಸೀಮೆಯವನು. ಅವಳನ್ನೇ ಆರನೆಯ ಪೆಟ್ಟಿಗೆಗೆ ಹಾಕಿದ. ನಮ್ಮ ಕಡೆಯವಳು, ಏನೂ ಅನ್ನುವುದಿಲ್ಲ ಎಂದುಕೊಂಡ. ಹೊರಗಿನವರ ಮುಂದೆ ಬಾಲ ಮುದುರಿಕೊಂಡು ನಮ್ಮವರ ತಲೆ ಬೋಳಿಸುವುದು ನಮಗೆಲ್ಲ ಗೊತ್ತಿರುವ ವಿದ್ಯೆಯೇ.

ಭಾನುವಾರ ಎಲ್ಲರೂ ನಡುಮನೆಯಲ್ಲಿ ಸೇರಿದರು. ಒಬ್ಬೊಬ್ಬಳೂ ತನ್ನ ತನ್ನ ಪೆಟ್ಟಿಗೆಯ ಪಕ್ಕ ಕೂತಳು. ದುರ್ಗವ್ವ ಹೊಸ ಸೀರೆ ಉಟ್ಟು, ನೆಲದ ಪೆಟ್ಟಿಗೆಗೆ ಕಿವಿ ತಾಗುವಷ್ಟು ಹತ್ತಿರ ಕೂತಿದ್ದಳು. ಹಾಡು ಶುರುವಾಯಿತು. ಐದು ಮೂಲೆಯಿಂದ ಐದು ದನಿ ಹೊರಟವು. ವಾರಗಿತ್ತಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ದುರ್ಗವ್ವನ ಪೆಟ್ಟಿಗೆ ಒಮ್ಮೊಮ್ಮೆ ಗುಂ ಎನ್ನುತ್ತಿತ್ತು, ಅಷ್ಟೇ. ಅವಳು ಈ ಕಿವಿ ಆಯಿತು, ಆ ಕಿವಿ ಇಟ್ಟಳು.

"ಏನಮ್ಮಿ ದುರ್ಗವ್ವ, ಎಮ್ಮೆ ಉಸ್ರು ಬಿಟ್ಟಂಗೈತಲ್ಲ ನಿಂದು" ಎಂದಳು ಅಂಜಿನಮ್ಮ. ಎಲ್ಲರೂ ನಕ್ಕರು. ದುರ್ಗವ್ವನೂ ನಕ್ಕಳು. ಬಸಲಿಂಗ ರಿಮೋಟ್ ಹಿಡಿದು ನೆಲ ನೋಡುತ್ತಾ ನಿಂತಿದ್ದ. ಯಾರೂ ಅವನ ಕಡೆ ಬೆರಳು ತೋರಿಸಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ, "ಸಿ.ಡಿ.ಯಲ್ಲಿ ಏನೂ ತೊಂದ್ರೆ ಇಲ್ಲ ಅಕ್ಕ" ಎಂದುಬಿಟ್ಟ.

ಅವನು ಅಂಗಡಿಗೆ ಬಂದ ಸ್ವಲ್ಪ ಹೊತ್ತಿಗೆ ದುರ್ಗವ್ವ ಬಾಗಿಲಲ್ಲಿ ನಿಂತಿದ್ದಳು.

"ತಮ್ಮಾ, ಆ ಸಿ.ಡಿ.ಯಾಗಿಂದ ನನ್ನ ತೆಗದ್ಬಿಡು. ನನ್ನ ದನಿ ಹಿಂಗ ಐತಿ ಅಂತ ನನಗ ಗೊತ್ತ ಇದ್ದಿಲ್ಲ. ನಮ್ಮೂರಾಗ ಇಷ್ಟ ವರ್ಷ ಹಾಡಿದೆ, ಒಬ್ಬರೂ ಹೇಳಲಿಲ್ಲ ನೋಡು."

ಬೈದಿದ್ದರೆ ಬಸಲಿಂಗ ತಡೆದುಕೊಳ್ಳುತ್ತಿದ್ದ. ಇದನ್ನು ಕೇಳಿ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದ. ಕಂಪ್ಯೂಟರಿನಲ್ಲಿ ಅವಳ ದನಿಯನ್ನಷ್ಟೇ ಬಿಟ್ಟ.

ದುರ್ಗವ್ವ ಅಲುಗಾಡದೆ ಕೇಳಿದಳು. ಕಣ್ಣು ತುಂಬಿ ಬಂತು. "ಇದು ಯಾರು?"

"ನೀವ ಬೇ."

"ಮತ್ತ ಅಲ್ಲಿ ಯಾಕ ಬರಲಿಲ್ಲ?"

ತಪ್ಪಿಸಿಕೊಳ್ಳಲು ನೂರು ನೆಪ ಇದ್ದವು. ಒಂದೂ ನಾಲಿಗೆಗೆ ಬರಲಿಲ್ಲ. "ಆ ಪೆಟಿಗ್ಯಾಗ ದನಿ ಬರಂಗಿಲ್ಲ. ಗೊತ್ತಿದ್ದ ಹಾಕಿದೆ. ಅವರನ್ನ ಹಾಕಿದ್ರ ಮಳಿಗಿ ಬಿಡಿಸ್ತಾರ. ನೀವಾದ್ರ ಏನೂ ಅನ್ನಂಗಿಲ್ಲ ಅಂತ..."

ದುರ್ಗವ್ವ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ನಡಿ. ಅವರ ಮುಂದ ಹೇಳು."

"ನಾಳೆ ಹೊಸ ಸಿ.ಡಿ. ಮಾಡಿ ಕೊಡ್ತೀನಿ ಬೇ. ಅದರಾಗ ನಿಮ್ಮ ದನಿ..."

"ಸಿ.ಡಿ. ಆಮ್ಯಾಲ. ನಕ್ಕವರು ಇನ್ನ ಅಲ್ಲೇ ಕೂತಾರ."

ಅವಳು ಮುಂದೆ, ಅವನು ಹಿಂದೆ. ನಡುಮನೆಯಲ್ಲಿ ವಾರಗಿತ್ತಿಯರು ಒಬ್ಬಟ್ಟು ತಿನ್ನುತ್ತಾ ಕೂತಿದ್ದರು. ಒಳಗೆ ಕಾಲಿಡುವಾಗ ಬಸಲಿಂಗನಿಗೆ ಮಳಿಗೆಯ ಷಟರ್ ಎಳೆದು ಬೀಗ ಹಾಕಿದಂತೆಯೇ ಕಂಡಿತು.

"ಅಕ್ಕ, ಸಿ.ಡಿ.ಯಲ್ಲಿ ಒಂದು ತಪ್ಪಾಗಿಬಿಟ್ಟಿದೆ" ಎಂದ.

"ಆಗಿಲ್ಲ" ಎಂದಳು ದುರ್ಗವ್ವ. "ನೆಟ್ಟಗ ಹೇಳು."

ಒಬ್ಬಟ್ಟು ತಿನ್ನುತ್ತಿದ್ದವರು ಕೈ ನಿಲ್ಲಿಸಿದರು. ಬಸಲಿಂಗ ಅಂಜಿನಮ್ಮನ ಮುಖ ನೋಡಿದ.

"ಇವರ ದನಿ ನಿಮ್ಮೆಲ್ಲರಿಗಿಂತ ಚೆನ್ನಾಗಿದೆ ಅಕ್ಕ. ಅದು ಕೇಳಿಸದ ಹಾಗೆ ಮಾಡಿದ್ದು ನಾನು, ಬೇಕಂತಲೇ."