ಹಗ್ಗ ಬೇಡವೆಂದವನು

ರಾಚಪ್ಪ ಮಾವನ ಬಿಳಿ ಕುದುರೆ ಹೋದ ವಾರ ಸತ್ತಿತು. ನಾಳೆ ಬಾಗೇವಾಡಿಯ ಮದುವೆಯೊಂದರ ಮೆರವಣಿಗೆಗೆ ಅವನು ಕುದುರೆ ತರಲು ಒಪ್ಪಿಕೊಂಡಿದ್ದ. ಮದುಮಗ ನಡೆದು ಹೋದರೆ ಸುತ್ತಲಿನ ಊರುಗಳಲ್ಲಿ ಯಾರೂ ಮತ್ತೆ ಅವನನ್ನು ಕರೆಯುವುದಿಲ್ಲ. ಅವನಿಗೆ ಬೇರೆ ಕೆಲಸ ಬಾರದು. ಬಿಳಿ ಕುದುರೆ ಮಾರಾಟಕ್ಕಿದೆ ಎಂದು ಮೊಬೈಲಿಗೆ ಬಂದ ಒಂದು ವಿಡಿಯೊ ನಂಬಿ ಇಂಗಳೇಶ್ವರದಿಂದ ಕೊಲ್ಹಾರಕ್ಕೆ ಹೊರಟೆವು. ಬೈಕಿನ ಹಿಂದೆ ಕೂತ ಮಾವ ದಾರಿಯುದ್ದಕ್ಕೂ ಆ ವಿಡಿಯೊವನ್ನೇ ಮತ್ತೆ ಮತ್ತೆ ನೋಡುತ್ತಿದ್ದ.

ಮಾರುವವನು ಮನೆಗೆ ಕರೆಯಲಿಲ್ಲ. ಹೊಳೆಯ ಸೇತುವೆಯ ಈಚೆ, ಜಾಲಿ ಗಿಡಗಳ ನೆರಳಲ್ಲಿ ಬಿಳಿ ಕುದುರೆ ಹಿಡಿದು ನಿಂತಿದ್ದ. ನನ್ನದೇ ವಯಸ್ಸು. ಹೆಸರು ಕಾಳಪ್ಪ ಅಂದ.

"ಮನಿ ಎಲ್ಲಿ ಬರ್ತೈತಪ್ಪಾ?" ಮಾವ ಕೇಳಿದ.

"ಇಲ್ಲೇರಿ."

"ಇಲ್ಲೇ ಅಂದ್ರ? ಹೊಳಿಯಾಗ?"

ಅವನು ನಗಲಿಲ್ಲ. ರಸ್ತೆ ನೋಡಿದ.

ಮಾವ ಹಲ್ಲು ನೋಡಿದ, ಗೊರಸು ಎತ್ತಿ ನೋಡಿದ. ಆಮೇಲೆ ಮೊಬೈಲಿನಲ್ಲಿ ಬ್ಯಾಂಡಿನ ಸದ್ದು ಜೋರಾಗಿ ಹಚ್ಚಿದ. ಕುದುರೆ ಬೆದರಲಿಲ್ಲ, ಕತ್ತು ಬಾಗಿಸಿ ಒಂದೊಂದೇ ಕಾಲೆತ್ತಿ ಕುಣಿಯತೊಡಗಿತು.

"ನೋಡ್ಲೇ ಅಳಿಯಾ, ಎಲ್ಲಾ ಕಲ್ತೈತಿ." ವಾರದಲ್ಲಿ ಮೊದಲ ಸಲ ಅವನ ಮುಖ ಅರಳಿತು.

ಕಲಿಸಿದವರು ಯಾರು? ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. "ಏನಂತ ಕರೀತೀರಿ ಇದನ್ನ?" ಎಂದೆ.

"ಕುದುರಿ ಅಂತ," ಅಂದ ಕಾಳಪ್ಪ.

"ಪೊಲೀಸರಂಗ ಕೇಳಬ್ಯಾಡಲೇ," ಮಾವ ನನ್ನನ್ನೇ ಗದರಿದ.

ದರದ ಮಾತು ಮುಗಿಯಿತು. ಮಾವ ಚೀಲದಿಂದ ಹೊಸ ಹಗ್ಗ ತೆಗೆದ. ನಮ್ಮ ಕಡೆ ದನ ಮಾರಿದರೂ ಕುದುರೆ ಮಾರಿದರೂ ಹಗ್ಗ ಕೊಡುವುದಿಲ್ಲ. ಮಾರಿದವನು ಅದನ್ನು ಮನೆಗೆ ಒಯ್ದು ಗೂಟಕ್ಕೆ ಕಟ್ಟುತ್ತಾನೆ. ಇಲ್ಲದಿದ್ದರೆ ಆ ಗೂಟಕ್ಕೆ ಮತ್ತೆ ಯಾವ ಪ್ರಾಣಿಯೂ ಬರುವುದಿಲ್ಲವೆಂದು ನಂಬಿಕೆ.

"ತಗೋಪಾ, ನಿನ್ನ ಹಗ್ಗ ಬಿಚ್ಕೋ."

"ಇರ್ಲಿ ಬಿಡ್ರಿ. ಅದನ್ನೂ ಒಯ್ರಿ."

ಕುದುರೆಯ ಕೊರಳ ಮೇಲಿದ್ದ ಮಾವನ ಕೈ ಅಲ್ಲೇ ನಿಂತಿತು.

"ಗೂಟಕ್ಕ ಏನ ಕಟ್ತಿ?"

ಕಾಳಪ್ಪ ಮತ್ತೆ ರಸ್ತೆಯತ್ತ ನೋಡಿದ. ಸೇತುವೆಯ ಮೇಲೆ ಲಾರಿಯೊಂದು ಹೋಯಿತು.

"ನಡಿ, ನಿಮ್ಮ ಮನಿಗೇ ಹೋಗೂಣು," ಮಾವ ಮೆಲ್ಲಗೆ ಅಂದ. "ನಿಮ್ಮವ್ವನ ಕೈಯಾಗ ಹಗ್ಗ ಕೊಟ್ಟು, ಚಾ ಕುಡದು ಹೋಗ್ತೇವಿ."

"ಗಾಡಿ ತರ್ತೇನ್ರಿ," ಎಂದು ಅವನು ರಸ್ತೆಗೆ ಏರಿದ. ಬೈಕ್ ಶುರುವಾಯಿತು, ಸೇತುವೆ ದಾಟಿತು. ತಿರುಗಿ ಬರಲಿಲ್ಲ.

ದುಡ್ಡು ಇನ್ನೂ ಕೊಟ್ಟಿರಲಿಲ್ಲ, ಕುದುರೆ ನಮ್ಮ ಕೈಯಲ್ಲಿತ್ತು. ಕೇಳುವವರಿರಲಿಲ್ಲ.

"ಮಾವಾ, ನಾಳಿ ಒಂದಿನದ ಮಟ್ಟಿಗೆ..." ಎಂದೆ. ಆ ಮಾತು ನನ್ನಿಂದ ಬಂದದ್ದಕ್ಕೆ ನನಗೇ ದಿಗಿಲಾಯಿತು.

ಅವನು ಹೊಸ ಹಗ್ಗವನ್ನು ಮತ್ತೆ ಚೀಲಕ್ಕೆ ಹಾಕಿದ. ಆಮೇಲೆ "ನಿನ್ನ ಮನಿಗೆ ನಡಿ" ಎಂದು ಕುದುರೆಯ ಹಗ್ಗ ಸಡಿಲ ಬಿಟ್ಟ. ಕುದುರೆ ಸೇತುವೆಯತ್ತ ತಿರುಗಲೇ ಇಲ್ಲ. ಹೊಲಗಳ ನಡುವಿನ ಗಾಡಿದಾರಿ ಹಿಡಿದು ಬಿರಬಿರನೆ ನಡೆಯಿತು. ಹಿಂದೆ ಮಾವ, ಕಿವಿಗೆ ಮೊಬೈಲು; ಪಕ್ಕದಲ್ಲಿ ಬೈಕು ತಳ್ಳುತ್ತ ನಾನು.

"ಸಾವಕಾರ್ರ, ನಾ ರಾಚಪ್ಪ. ನಾಳಿ ಕುದುರಿ ಬರೂದಿಲ್ರಿ. ಬ್ಯಾರೇದು ನೋಡ್ಕೋರಿ."

ಅತ್ತಲಿನ ಬೈಗುಳ ನನಗೂ ಕೇಳಿಸಿತು. ಅವನು ಮೊಬೈಲು ಕಿಸೆಗಿಟ್ಟ.

ತಗಡಿನ ಮನೆಯೊಂದರ ಮುಂದೆ ಕುದುರೆ ಕೆನೆಯಿತು. ಯಾರೂ ಹೊರಗೆ ಬರದಿರಲಿ ಎಂದು ಒಳಗೊಳಗೇ ಬಯಸಿದೆ. ಹೆಂಗಸೊಬ್ಬಳು ಬರಿಗಾಲಲ್ಲಿ ಓಡಿಬಂದು ಮಾವನ ಕೈಯಿಂದ ಹಗ್ಗ ಕಸಿದುಕೊಂಡಳು.

"ಯಾರ್ರೀ ನೀವು?"

ಮಾವ ಬಾಯಿ ತೆರೆದ. ನಮ್ಮನ್ನೇ ಕಳ್ಳರೆಂದುಕೊಂಡ ಅವಳು ಏನು ಹೇಳಿದರೂ ನಂಬುವಂತಿರಲಿಲ್ಲ.