ಬ್ಯೂಲಾ ವಾಪಸ್ ಕೊಡದ ಕ್ಯಾಸೆಟ್ಟು

ಆ ಕೆಂಪು ದೀಪ ಉರಿಯುತ್ತಲೇ ಇದೆ, ಸ್ಟಿಯರಿಂಗಿನ ಹಿಂದೆ, ಬಟಾಣಿ ಕಾಳಿನಷ್ಟು, ಬ್ರೇಕು ಹಾಕಿದೆ ಎಂದು ಹೇಳುವ ದೀಪ, ಹಾಕದೆ ಏನು ಮಾಡಲಿ, ಈ ವೃದ್ಧಾಶ್ರಮದವರು ಕಾರು ನಿಲ್ಲಿಸುವ ಜಾಗವನ್ನು ಕೊಳದ ಕಡೆಗೆ ಇಳಿಜಾರಾಗಿ ಮಾಡಿಟ್ಟಿದ್ದಾರೆ, ಯಾವ ಪುಣ್ಯಾತ್ಮ ನಕ್ಷೆ ಬರೆದನೋ — ಅದೇನೇ ಕೆಂಪಗೆ ಎಂದು ಅಮ್ಮ ಮತ್ತೆ ಕೇಳುತ್ತಾಳೆ, ಬ್ರೇಕಮ್ಮಾ, ಬ್ರೇಕಿನ ದೀಪ, ಓ ಎನ್ನುತ್ತಾಳೆ, ಕಂಬಳಿಯೊಳಗೆ ಕೈ ಎಳೆದುಕೊಳ್ಳುತ್ತಾಳೆ, ಮತ್ತೆ ಅಪ್ಪನ ದನಿ, ಸತ್ತು ಹನ್ನೆರಡು ವರ್ಷವಾದ ಅಪ್ಪ ತಮ್ಮದೇ ಹಳೆಯ ಬ್ಯೂಯಿಕ್ ಕಾರಿನ ಬಾಗಿಲ ಸ್ಪೀಕರುಗಳೊಳಗಿಂದ ಕೆಮ್ಮುತ್ತಾ ಉಪದೇಶ ಮಾಡುತ್ತಿದ್ದಾರೆ, ಸಹೋದರರೇ, ಕರ್ತನು ಗದ್ದಲದಲ್ಲಿ ಇಲ್ಲ, ಗದ್ದಲದಲ್ಲಿ ಇಲ್ಲ — ಎಷ್ಟು ಹೊತ್ತು ಇದೆಯೋ ಈ ಉಪದೇಶ, ಮುಂದಕ್ಕೆ ಓಡಿಸುವ ಗುಂಡಿ ಎಂದೋ ಕೆಟ್ಟು ಕೂತಿದೆ, ಒತ್ತಿದರೆ ಟೇಪನ್ನು ಜಗಿದುಬಿಡುತ್ತದೆ, ಊರಲ್ಲೆಲ್ಲ ಹುಡುಕಿದೆ, ಕ್ಯಾಸೆಟ್ಟು ಹಾಕುವ ಯಂತ್ರ ಒಬ್ಬರ ಮನೆಯಲ್ಲೂ ಇಲ್ಲ, ಎಲ್ಲ ಕಸಕ್ಕೆ, ಉಳಿದಿದ್ದು ಅಪ್ಪನ ಈ ಕಾರೊಂದೇ, ಮತ್ತು ನರ್ಸಮ್ಮ ಬಾಗಿಲಲ್ಲೇ ಎಚ್ಚರಿಕೆ ಕೊಟ್ಟು ಕಳಿಸಿದ್ದಾಳೆ, ಮಾರ್ಲಾ, ಅವರ ಹೃದಯದಲ್ಲಿ ಏನೂ ಉಳಿದಿಲ್ಲ, ಹೆಚ್ಚು ಹೊತ್ತು ಕೂರಿಸಬೇಡಿ, ಕೇಳಿಸೋದನ್ನ ಬೇಗ ಕೇಳಿಸಿ ಕರ್ಕೊಂಡು ಬನ್ನಿ. ಬೇಗ ಹೇಗೆ ಕೇಳಿಸಲಿ, ತಮ್ಮ ಲೈಲ್ ಇರುವುದು ಅಪ್ಪನ ಉಪದೇಶದ ಹಿಂದೆ. ಇದ್ದರೆ. ಇಲ್ಲದೆಯೂ ಇರಬಹುದು.

ಇದೆ ಎಂದಳು ಹಾಸಿಗೆ ಹಿಡಿದಿದ್ದ ಬ್ಯೂಲಾಳ ಮೊಮ್ಮಗಳು, ಆಣೆ ಮಾಡಿ ಹೇಳಿದಳು, ಅಜ್ಜಿಯ ಮನೆ ಖಾಲಿ ಮಾಡುವಾಗ ಮಂಚದ ಪಕ್ಕದ ಡ್ರಾಯರಿನಲ್ಲಿ ಸಿಕ್ಕಿತಂತೆ, ಕನ್ನಡಕದ ಡಬ್ಬಿಯ ಕೆಳಗೆ, ಹಾಕುವ ಯಂತ್ರ ಆಗಲೇ ಕಸಕ್ಕೆ ಹೋಗಿತ್ತಂತೆ, ಅಜ್ಜಿ ಇದನ್ನ ಪ್ರತಿ ಭಾನುವಾರ ಹಾಕಿಸ್ಕೊಳ್ತಿದ್ರು, ಉಪದೇಶ ಮುಗಿದ ತಕ್ಷಣ ಆರಿಸೋಕೆ ಹೋದ್ರೆ ಬಯ್ಯೋರು, ಹಿಂದೆ ಒಂದು ಹಾಡಿದೆ, ಡ್ರಮ್ಮು ಹೊಡೆದು ಹಾಡ್ತಾರೆ, ಯಾರೋ ಹುಡುಗರು — ಯಾರೋ ಹುಡುಗರು! ಅವಳು ಹೋದ ಮೇಲೆ ನಾನು ಅಡುಗೆಮನೆಯಲ್ಲಿ ನಿಂತೇ ಇದ್ದೆ, ಕೈಯಲ್ಲಿ ಆ ಕ್ಯಾಸೆಟ್ಟು, ಮೇಲಂಚಿನ ಎರಡು ತೂತಿಗೂ ಅಮ್ಮ ಅಂಟಿಸಿದ ಅಂಟುಪಟ್ಟಿ ಜೋಳದ ಹೊಟ್ಟಿನ ಬಣ್ಣಕ್ಕೆ ತಿರುಗಿದೆ, ಅಪ್ಪನ ಹೆಸರು ಬರೆದ ಬಿಳಿ ಚೀಟಿ, ಅದರಡಿ ಉಗುರಿನಿಂದ ಕೆರೆದರೆ ಇನ್ನೊಂದು ಚೀಟಿ, ಲೈಲ್ ತನ್ನ ಕೈಯಾರೆ ಬಿಡಿಸಿದ ಒಡೆದ ಕೊಡ, ಬಿರುಕಿನಿಂದ ಹೊರಬರುವ ಬೆಳಕಿನ ಗೆರೆಗಳು, ಒಡೆದ ಕೊಡಗಳು ಅಂತ ಬ್ಯಾಂಡಿನ ಹೆಸರು, ನಾಲ್ಕು ಜನ ಹುಡುಗರು, ಅಪ್ಪ ಪಾಸ್ಟರಾಗಿದ್ದ ಸಭೆಯ ಹಿರಿಯರು ಸೈತಾನನ ಗದ್ದಲ ಎಂದರು, ಹೈಸ್ಕೂಲಿನವರು ಸಂಡೇ ಸ್ಕೂಲ್ ಬ್ಯಾಂಡು ಎಂದು ಆಡಿಕೊಂಡರು, ಅತ್ತಲೂ ಇಲ್ಲ ಇತ್ತಲೂ ಇಲ್ಲ, ಎರಡೂ ಕಡೆಯಿಂದ ಬೈಸಿಕೊಂಡು ಆ ಹುಡುಗ ಹಲ್ಲು ಕಿರಿಯುತ್ತಿದ್ದ, ನನ್ನ ತಮ್ಮ, ಹೆಗಲವರೆಗೆ ಕೂದಲು, ಮೊಣಕೈ ಹರಿದ ಅಂಗಿ, ಊಟಕ್ಕೆ ಮುಂಚೆ ಮಾತ್ರ ನಮ್ಮೆಲ್ಲರಿಗಿಂತ ಉದ್ದದ ಪ್ರಾರ್ಥನೆ. ರೆಕಾರ್ಡು ಮಾಡಿದ್ದು ಸಭೆಯ ನೆಲಮಾಳಿಗೆಯಲ್ಲೇ, ಅಪ್ಪ ಉಜ್ಜೀವನ ಕೂಟಕ್ಕೆಂದು ಕೆಂಟಕಿಗೆ ಹೋಗಿದ್ದ ವಾರ, ಯಂತ್ರ ನಡೆಸಲು ಬರುತ್ತಿದ್ದುದು ಅಮ್ಮನಿಗೊಬ್ಬಳಿಗೇ, ಪ್ರತಿ ಸೋಮವಾರ ಅಲ್ಲಿ ಕೂತು ಅಪ್ಪನ ಉಪದೇಶದ ನಕಲುಗಳನ್ನು ಮಾಡುತ್ತಿದ್ದವಳು ಅವಳೇ, ಹಾಸಿಗೆ ಹಿಡಿದವರಿಗೆ, ಸಭೆಗೆ ಬರಲಾಗದವರಿಗೆ, ಶೂ ಡಬ್ಬಿಯಲ್ಲಿ ಜೋಡಿಸಿಕೊಂಡು ಜೋಳದ ಹೊಲಗಳ ನಡುವಿನ ಮನೆಮನೆಗೂ ತಾನೇ ಹೋಗಿ ಕೊಟ್ಟು, ಮುಂದಿನ ವಾರ ಹಳೆಯದನ್ನು ವಾಪಸ್ ತಂದು, ಅದರ ಮೇಲೇ ಹೊಸದನ್ನು ತುಂಬುತ್ತಿದ್ದಳು. ಡ್ರಮ್ಮಿನ ಸದ್ದು ಹೊರಗೆ ಹೋಗಬಾರದೆಂದು ಹುಡುಗರು ಬಾಯ್ಲರಿನ ಹಿಂದೆ ಹಾಸಿಗೆಗಳನ್ನು ಒಡ್ಡಿ ಅದರೊಳಗೆ ಸೇರಿಕೊಂಡಿದ್ದರು, ಅಲ್ಲಿಂದ ಯಂತ್ರ ಕಾಣದು, ಹಾಗಾಗಿ ಪ್ರತಿ ಹಾಡಿಗೂ ಲೈಲ್ ಕೂಗಿ ಕೇಳುವನು, ಅಮ್ಮಾ, ಕೆಂಪು ದೀಪ ಹತ್ತಿತಾ, ರೆಕಾರ್ಡು ಗುಂಡಿ ಒತ್ತಿದರೆ ಯಂತ್ರದ ಮೂತಿಯ ಮೇಲೆ ಹತ್ತುವ ದೀಪ, ಅಮ್ಮ ಕನ್ನಡಕ ಏರಿಸಿ ನೋಡಿ, ಹತ್ತಿದೆ ಕಂದಾ, ಶುರು ಮಾಡು. ಆಮೇಲೆ ಅದೇ ಮನೆಮಾತಾಯಿತು, ಅಪ್ಪ ಊಟದ ಮೇಜಿನಲ್ಲಿ ಪ್ರಾರ್ಥನೆಗೆ ಗಂಟಲು ಸರಿಮಾಡಿಕೊಂಡರೆ ಸಾಕು, ಲೈಲ್ ತಲೆ ಬಗ್ಗಿಸಿಕೊಂಡೇ ಪಿಸುಗುಟ್ಟುವನು, ಅಮ್ಮಾ ಕೆಂಪು ದೀಪ ಹತ್ತಿತಾ, ಅಮ್ಮ ಮೇಜಿನ ಕೆಳಗೆ ಅವನ ಕಾಲಿಗೆ ಒದೆಯುವಳು, ನನಗೆ ನಗು ತಡೆಯಲಾಗದೆ ಹ್ಯಾಮಿನ ತಟ್ಟೆ ನೋಡುತ್ತಾ ತುಟಿ ಕಚ್ಚಿಕೊಳ್ಳುವೆನು, ಅಪ್ಪನಿಗೆ ಮಾತ್ರ ಒಂದೂ ಗೊತ್ತಾಗುತ್ತಿರಲಿಲ್ಲ.

ಗೊತ್ತಾಯಿತು, ಗೊತ್ತಾಗದೆ ಇರುತ್ತದೆಯೇ, ಒಬ್ಬ ಹಿರಿಯರ ಮಗ ಟ್ರಕ್ಕಿನಲ್ಲಿ ಹಾಕಿಕೊಂಡು ಕೇಳುತ್ತಿದ್ದ ಕ್ಯಾಸೆಟ್ಟು ಭಾನುವಾರ ಸಭೆ ಮುಗಿದ ಮೇಲೆ ಅಪ್ಪನ ಕೈಗೆ ಬಂತು, ಆ ಬೇಸಿಗೆ ಸಭೆಸಭೆಗಳಲ್ಲಿ ಮಕ್ಕಳ ಕೈಯಿಂದ ರಾಕ್ ರೆಕಾರ್ಡುಗಳನ್ನು ತರಿಸಿ ಸುಡಿಸುವುದು ನಡೆದಿತ್ತು, ನಮ್ಮಲ್ಲೂ ಹಿತ್ತಲಿನಲ್ಲಿ ಎಣ್ಣೆಯ ಪೀಪಾಯಿ ಇಟ್ಟಿದ್ದರು, ಕಪ್ಪು ತಟ್ಟೆಗಳು ಮುದುರಿ ಕರಗುವ ವಾಸನೆ, ಮಕ್ಕಳು ಅಳುತ್ತಾ ಸ್ತೋತ್ರ ಹಾಡುವುದು, ಅಪ್ಪ ಲೈಲ್‌ನ ಇಡೀ ರಟ್ಟಿನ ಪೆಟ್ಟಿಗೆಯನ್ನು ಎತ್ತಿಕೊಂಡು ಬಂದರು, ಉಳಿದ ಕ್ಯಾಸೆಟ್ಟೆಲ್ಲ ಅದರಲ್ಲೇ, ನನ್ನ ಮನೆಯಲ್ಲಿ ಅಂತ ಶುರು ಮಾಡಿದರು, ಗಲ್ಲ ನಡುಗುತ್ತಿತ್ತು, ಅದನ್ನೂ ನೋಡಿದ್ದೇನೆ ನಾನು — ಆಗ ಅಮ್ಮ ಮುಂದೆ ಬಂದಳು, ಏಪ್ರನ್ನಿಗೆ ಕೈ ಒರೆಸಿಕೊಂಡು, ಟೇಪು ಒಳ್ಳೇದಿದೆ ಓರಿನ್, ಬೆಂಕಿಗೆ ಯಾಕೆ ದಂಡ ಮಾಡ್ತೀರಿ, ಹಾಸಿಗೆ ಹಿಡಿದೋರಿಗೆ ಸಾಲ್ತಾ ಇಲ್ಲ, ನಾನು ಅದರ ಮೇಲೆ ನಿಮ್ಮ ಉಪದೇಶ ತುಂಬಿಬಿಡ್ತೀನಿ. ಸರಿ ಎಂದರು ಅಪ್ಪ. ಅಷ್ಟೇ. ಮಾರನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಅಮ್ಮ ಒಂದೊಂದೇ ಕ್ಯಾಸೆಟ್ಟು ಎತ್ತಿಕೊಂಡು ತೂತಿಗೆ ಪಟ್ಟಿ ಅಂಟಿಸುತ್ತಿದ್ದಳು, ತೂತು ಮುಚ್ಚಿದರೇ ಟೇಪಿನ ಮೇಲೆ ಮತ್ತೆ ತುಂಬಲಾಗುವುದು, ಯಾರೂ ಅಳಿಸಬಾರದೆಂದು ಲೈಲ್ ತಾನೇ ಬೆಣ್ಣೆ ಚಾಕುವಿನಿಂದ ಮುರಿದಿದ್ದ ತೂತುಗಳು ಅವು, ಅದೇ ಮೇಜಿನ ಮೇಲೆ ಕೂತು ಮುರಿದಿದ್ದು, ಅವನು ಬಾಗಿಲಿಗೆ ಒರಗಿ ನೋಡುತ್ತಾ ನಿಂತಿದ್ದ, ಅಮ್ಮ ತಲೆ ಎತ್ತಲಿಲ್ಲ, ನನಗೆ ಮೈಯೆಲ್ಲ ಉರಿದು ಹೋಯಿತು, ಇವಳೆಂಥ ತಾಯಿ, ಅಪ್ಪನದು ನಂಬಿಕೆ, ಹಾಳಾಗಿ ಹೋಗಲಿ, ಇವಳದೇನು, ಇವಳೇ ಅಲ್ಲವೇ ದೀಪ ಹತ್ತಿದೆ ಶುರು ಮಾಡು ಎಂದವಳು. ಅವನು ವಾರದೊಳಗೆ ಮನೆ ಬಿಟ್ಟ. ಜನವರಿಯಲ್ಲಿ ಯಾವುದೋ ಸಭೆಯ ಜಿಮ್ಮಿನಲ್ಲಿ ಹಾಡಲು ಹೊರಟ ವ್ಯಾನು ಹಿಮಗಟ್ಟಿದ ರಸ್ತೆಯಲ್ಲಿ ಜಾರಿತು, ಉಳಿದ ಮೂವರಿಗೆ ಕೈಕಾಲು ಮುರಿಯಿತು, ನಮ್ಮವನು ಒಬ್ಬನೇ — ಶವಪೆಟ್ಟಿಗೆಯ ಮುಂದೆ ಆರ್ಗನ್ನು ನುಡಿಸಿದರು, ಆರ್ಗನ್ನು ಮಾತ್ರ, ಆಮೇಲೆ ಹೆಂಗಸರು ತಂದ ಬೀನ್ಸಿನ ಕ್ಯಾಸರೋಲು, ಹಸಿರು ಜೆಲ್ಲಿ, ಎಲ್ಲರೂ ತಿಂದರು, ಅಮ್ಮ ಎಲ್ಲರ ತಟ್ಟೆ ತೊಳೆದಳು, ಮತ್ತು ಬಂದ ಸೋಮವಾರ ನೆಲಮಾಳಿಗೆಗೆ ಇಳಿದು ಯಂತ್ರದ ಮುಂದೆ ಕೂತಳು. ಅವತ್ತಿನಿಂದ ನಾನು ಅವಳ ಹತ್ತಿರ ಲೈಲ್‌ನ ಹೆಸರೆತ್ತಲಿಲ್ಲ. ಔಷಧಿ ತಂದುಕೊಟ್ಟೆ, ಉಗುರು ಕತ್ತರಿಸಿದೆ, ಕ್ರಿಸ್‌ಮಸ್ಸಿಗೆ ಸ್ವೆಟರ್ ಕೊಟ್ಟೆ, ಹೆಸರು ಮಾತ್ರ ಎತ್ತಲಿಲ್ಲ.

ಕಣ್ಣು ಮುಚ್ಚಿಕೊಂಡಳಲ್ಲ, ಅಮ್ಮಾ, ನಿದ್ದೆ ಮಾಡಬೇಡ, ಇನ್ನು ಸ್ವಲ್ಪ — ಇಲ್ಲ, ತುಟಿ ಅಲುಗುತ್ತಿದೆ, ಅಪ್ಪನ ಜೊತೆ ಜೊತೆಗೇ ಹೇಳುತ್ತಿದ್ದಾಳೆ, ಗದ್ದಲದಲ್ಲಿ ಇಲ್ಲ, ಎಷ್ಟು ಸಲ ಕೇಳಿರಬೇಕು, ಉಸಿರು ಗಾಜಿನ ಮೇಲೆ ಸಣ್ಣ ಮಂಜಾಗಿ ಕೂರುತ್ತಿದೆ, ಹೀಟರು ಹಾಕಿದ್ದರೂ ಕೈ ತಣ್ಣಗಿದೆ, ಬೇಡ, ಈ ಉಪದೇಶವನ್ನು ಇಲ್ಲಿಗೇ ಬಿಟ್ಟು, ಕ್ಯಾಸೆಟ್ಟು ಹೊರತೆಗೆದು ಪೆನ್ಸಿಲ್ಲು ತೂರಿಸಿ ಕೈಯಲ್ಲೇ ಸುತ್ತಿ ಮುಂದೆ ಹೋಗೋಣ ಎಂದು ಗುಂಡಿಯ ಹತ್ತಿರ ಬೆರಳು ಒಯ್ದರೆ ಅವಳ ಕೈ ಕಂಬಳಿಯಿಂದ ಎದ್ದು ಬಂತು, ಮುಟ್ಟಬೇಡ, ದೇವರ ವಾಕ್ಯ ನಡೀತಿರುವಾಗ ನಡುವೆ ನಿಲ್ಲಿಸಬಾರದು. ಈಗೀಗ ಎಲ್ಲ ಮರೆತಿದ್ದಾಳೆ, ನನ್ನನ್ನು ಕೆಲವು ದಿನ ತನ್ನ ತಂಗಿಯ ಹೆಸರಿನಿಂದ ಕರೆಯುತ್ತಾಳೆ, ಇದೊಂದು ಮರೆತಿಲ್ಲ. ಇನ್ನೊಂದೂ ಮರೆತಿರಲಿಲ್ಲ, ಬ್ಯೂಲಾ ಟೇಪು ವಾಪಸ್ ಕೊಟ್ಟಳಾ, ಹೋದಾಗಲೆಲ್ಲ ಅದೇ ಪ್ರಶ್ನೆ, ಬ್ಯೂಲಾ ಟೇಪು ಕೊಟ್ಟಳಾ, ನರ್ಸುಗಳೆಲ್ಲ ನಕ್ಕು ಕೊಟ್ಟರು ಕೊಟ್ಟರು ಎನ್ನುತ್ತಿದ್ದರು, ನಾನೂ ಹಾಗೇ ಎಂದಿದ್ದೆ, ಆ ಬ್ಯೂಲಾ ಎದ್ದು ಕೂರಲಾರದವಳು, ಅವಳ ಬಳಿ ಇರುವ ಟೇಪಿನಿಂದ ಇವಳಿಗೇನು ಎಂದು — ಅಪ್ಪ ಕೆಮ್ಮುತ್ತಾರೆ, ನೀರು ಕುಡಿದ ಸದ್ದು, ದನಿ ಕಟ್ಟಿಹೋಗಿದೆ, ಇದು ಗಿಡ್ಡದ್ದು ಎಂದಳು ಅಮ್ಮ, ಕಣ್ಣು ಮುಚ್ಚಿಕೊಂಡೇ, ಸ್ಪಷ್ಟವಾಗಿ, ಏನಮ್ಮಾ, ಇದು ಗಿಡ್ಡ ಉಪದೇಶ ಕಣೇ, ಆವತ್ತು ಗಂಟಲು ಕೆಟ್ಟಿತ್ತಲ್ಲ ನಿಮ್ಮಪ್ಪಂಗೆ, ಬೇರೆದೆಲ್ಲ ಟೇಪು ಮುಗಿಯೋವರೆಗೂ ಹೋಗುತ್ತೆ, ಇದೊಂದೇ ಮುಂಚೆ ಮುಗಿಯೋದು, ಅದಕ್ಕೇ ಲೈಲ್ ಟೇಪಿಗೆಲ್ಲ ಇದನ್ನೇ ತುಂಬಿದೆ, ಕೊನೇ ಹಾಡು ಉಳೀಲಿ ಅಂತ, ಅವುಗಳ ಮೇಲೆ ಬೇರೆ ಉಪದೇಶ ತುಂಬ್ಲೇ ಇಲ್ಲ, ಕೊನೆಗೆ ಉಳಿದಿದ್ದು ಬ್ಯೂಲಾ ಹತ್ರ ಇದ್ದದ್ದೊಂದೇ.

ಇಂಜಿನ್ನಿನ ಸದ್ದು, ಅಪ್ಪನ ಸದ್ದು, ನನ್ನ ಎದೆಯ ಸದ್ದು, ಮೂರೂ ಕೂಡಿ ಒಂದೂ ಕೇಳಿಸದ ಹಾಗಾಯಿತು — ಲೈಲ್‌ಗೆ ಹೇಳಬಾರದಿತ್ತೇನಮ್ಮಾ, ಅವನು ಹಾಗೇ ಹೋಗಿಬಿಟ್ಟನಲ್ಲ, ನೀನು ಅಳಿಸಿದೆ ಅಂದುಕೊಂಡು, ಕಣ್ಣು ತೆರೆದು ನನ್ನನ್ನು ದಡ್ಡಿಯನ್ನು ನೋಡುವಂತೆ ನೋಡುತ್ತಾಳೆ, ಅವನೇ ಅಲ್ವೇನೇ ಹೇಳಿದ್ದು, ಕೊನೇದು ಒಂದು ಉಳಿಸಮ್ಮಾ ಸಾಕು ಅಂತ, ನಮ್ಮ ಹಾಡು ಕೇಳೋರೇ ಇಲ್ಲ, ಹಾಸಿಗೆ ಹಿಡಿದೋರು ಎದ್ದು ಆರಿಸೋಕಾಗಲ್ಲ, ಕೇಳಲೇಬೇಕು ಅಂತ ನಕ್ಕ. ಲೈಲ್‌ಗೆ ಗೊತ್ತಿತ್ತು. ಆ ಬಾಗಿಲಿಗೆ ಒರಗಿ ನಿಂತಾಗ ಗೊತ್ತಿತ್ತು, ಇವಳು ತಲೆ ಎತ್ತದೆ ಇದ್ದುದು ನಗು ಬಂದೀತು ಎಂದು, ವ್ಯಾನು ಹತ್ತುವಾಗಲೂ ಗೊತ್ತಿತ್ತು, ಗೊತ್ತಿಲ್ಲದವಳು ಆ ಮನೆಯಲ್ಲಿ ನಾನೊಬ್ಬಳೇ, ನಾನು ಮತ್ತು ಅಪ್ಪ, ಮತ್ತು ಜಿಲ್ಲೆಯ ತುಂಬ ಮಂಚಕ್ಕೆ ಅಂಟಿಕೊಂಡ ಮುದುಕ ಮುದುಕಿಯರೆಲ್ಲ ವರ್ಷಗಟ್ಟಲೆ ಆ ಡ್ರಮ್ಮು ಕೇಳಿಕೊಂಡು, ಒಬ್ಬರಾದರೂ ಪಾಸ್ಟರಿಗೆ ಬಾಯಿ ಬಿಡಲಿಲ್ಲ — ನನಗೆ ಯಾಕೆ ಹೇಳಲಿಲ್ಲಮ್ಮಾ, ನಾನು ಏನು ಮಾಡಿದ್ದೆ, ಅರವತ್ತು ದಾಟಿದವಳು ಮಗುವಿನಂತೆ ಅಳುತ್ತಿದ್ದೇನೆ, ಅಮ್ಮ ಕೈ ಚಾಚಿ ನನ್ನ ತೋಳು ಸವರಿದಳು, ನೀನು ಅಪ್ಪನ ಮಗಳು ಕಣೇ ಮಾರ್ಲಾ, ನಿನ್ನ ಮುಖದಲ್ಲಿ ಒಂದೂ ನಿಲ್ಲಲ್ಲ, ಅವರು ನಿನ್ನ ಮುಖ ನೋಡಿದ್ರೆ ಸಾಕಿತ್ತು. ಆಮೇಲಾದರೂ, ಅಮ್ಮಾ, ಅವನು ಹೋದ ಮೇಲೆ. ನೀನು ಅವನ ಹೆಸರೇ ಎತ್ತಲಿಲ್ವಲ್ಲ, ನಿಂಗೆ ನೋವು ಅಂದ್ಕೊಂಡೆ.

ಕಿಟಕಿಯ ಮೇಲೆ ಟಕಟಕ, ನರ್ಸಮ್ಮ, ಸ್ವೆಟರಿನ ತೋಳು ಎಳೆದುಕೊಂಡು, ಸಾಕು ಮಾರ್ಲಾ, ತುಟಿ ನೀಲಿಯಾಗ್ತಿದೆ ನೋಡಿ, ಒಳಗೆ ಕರ್ಕೊಂಡು ಹೋಗೋಣ, ನಿಜ, ನೀಲಿಯಾಗುತ್ತಿದೆ, ಕರೆದುಕೊಂಡು ಹೋಗಬೇಕು, ಕೀಲಿ ತಿರುಗಿಸಬೇಕು, ಆದರೆ ಅಮ್ಮ ಬೆರಳೆತ್ತಿ ಅವಳಿಗೂ ಅದೇ ಹೇಳುತ್ತಾಳೆ, ವಾಕ್ಯ ನಡೀತಿದೆ, ಆ ನರ್ಸಮ್ಮನೂ ಅಂಥದೇ ಸಭೆಯಲ್ಲಿ ಹುಟ್ಟಿ ಬೆಳೆದವಳು, ಪಾಪ, ಬಾಗಿಲ ಹಿಡಿಯಿಂದ ಕೈ ತೆಗೆದು ತಲೆ ಬಗ್ಗಿಸಿ ಗಾಳಿಯಲ್ಲಿ ನಿಂತುಕೊಂಡಳು, ಮತ್ತು ಅಪ್ಪ ಒಡೆದ ದನಿಯಲ್ಲಿ ಆಶೀರ್ವಾದ ಹೇಳಿ, ನಿಮ್ಮ ಮೇಲೂ ನಿಮ್ಮ ಮಕ್ಕಳ ಮೇಲೂ ಇರಲಿ, ಆಮೆನ್, ಆಮೆನ್ ಎಂದಳು ಅಮ್ಮ, ಆಮೆನ್ ಎಂದೆ ನಾನು, ಟಕ್ ಎಂದು ಒಂದು ಸದ್ದು, ಅದು ಟೇಪಿನೊಳಗೆ ಆವತ್ತಿನ ಅಮ್ಮನ ಬೆರಳು, ತುಂಬುವುದನ್ನು ನಿಲ್ಲಿಸಿದ್ದು, ಆಮೇಲೆ ಯಾವುದೋ ಹಾಡಿನ ತುಂಡು ಬಾಲ, ತಾಳದ ತಟ್ಟೆ ಅದುರಿ ಅದುರಿ ನಿಲ್ಲುತ್ತದೆ, ಆಮೇಲೆ ಏನೂ ಇಲ್ಲ, ಬರೀ ಸುಯ್ಯೆನ್ನುವ ಸದ್ದು, ಇಷ್ಟೇನೇ, ಇಷ್ಟಕ್ಕೇನಾ, ಅಮ್ಮ ಮುಂದಕ್ಕೆ ಬಾಗುತ್ತಿದ್ದಾಳೆ, ಟೇಪಿನಲ್ಲಿ ಕುರ್ಚಿ ಎಳೆದ ಹಾಗೆ, ಯಾರೋ ಗಂಟಲು ಸರಿಮಾಡಿಕೊಂಡ ಹಾಗೆ, ಮತ್ತು ಅವನು, ನನ್ನ ಪಕ್ಕದಲ್ಲೇ, ಇಪ್ಪತ್ತು ವರ್ಷದವನು, ಹಾಸಿಗೆಗಳ ಹಿಂದಿನಿಂದ, ಅಮ್ಮಾ, ಕೆಂಪು ದೀಪ ಹತ್ತಿತಾ — ಅಮ್ಮ ಕಾರಿನೊಳಗೆ ಹುಡುಕುತ್ತಾಳೆ, ಗಾಜು, ಗಡಿಯಾರ, ಸ್ಟಿಯರಿಂಗು, ಇಲ್ಲದ ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳುತ್ತಾಳೆ, ನೋಡಿದಳು, ಸ್ಟಿಯರಿಂಗಿನ ಹಿಂದೆ, ಬಟಾಣಿ ಕಾಳಿನಷ್ಟು, ಹತ್ತಿದೆ ಕಂದಾ ಎಂದಳು, ಶುರು ಮಾಡು, ಟೇಪಿನೊಳಗಿನ ಅವಳದೇ ಪ್ರಾಯದ ದನಿ ಅವಳ ಹಿಂದೆಯೇ ಬಂತು, ಹತ್ತಿದೆ ಕಂದಾ, ಶುರು ಮಾಡು, ಡ್ರಮ್ಮಿನ ಕೋಲಿಗೆ ಕೋಲು ತಾಗಿಸಿ ಎಣಿಸುತ್ತಿದ್ದಾರೆ ಹುಡುಗರು, ಹಾಡು ಬರುತ್ತದೆ, ಬಂದೇಬಿಡುತ್ತದೆ, ಬ್ರೇಕು ಬಿಡಬಾರದು, ಕೀಲಿ ಮುಟ್ಟಬಾರದು, ನರ್ಸಮ್ಮ ನಿಂತಿರಲಿ, ಆ ದೀಪ ಆರಬಾರದು, ಅಮ್ಮ ಅದನ್ನೇ ನೋಡುತ್ತಿದ್ದಾಳೆ, ಕೆಂಪಗೆ, ಹತ್ತಿದೆ, ಹತ್ತಿದೆ ಲೈಲ್, ಕೆಂಪು ದೀಪ, ಹತ್ತಿದೆ