ಅತ್ತೆಯ ಮೊಳಕೆ ಹಿಟ್ಟು

ಮಾಸ್ತರನಿಗೆ ಅಡುಗೆಮನೆ ಉಸಾಬರಿ ಯಾಕೆ ಬೇಕಿತ್ತು ಅಂತ ಸತ್ಯನಾರಾಯಣಪೇಟೆಯ ನಮ್ಮ ಓಣಿಯೆಲ್ಲ ನಕ್ಕಿತು. ನಗಲಿ. 1951ರ ಆ ಬೇಸಿಗೆಯಲ್ಲಿ ನನ್ನ ಹನ್ನೊಂದು ತಿಂಗಳ ಮಗಳು ಈರಮ್ಮ ವಾಂತಿಭೇದಿಯಿಂದ ಎದ್ದು ಎಲುಬಿನ ಗೂಡಾಗಿದ್ದಳು. ಗಟ್ಟಿ ಗಂಜಿ ನುಂಗಲಾರಳು. ನೀರು ಬೆರೆಸಿದರೆ ಹೊಟ್ಟೆ ತುಂಬುತ್ತಿತ್ತೇ ಹೊರತು ಮೈ ತುಂಬುತ್ತಿರಲಿಲ್ಲ. ಹೀಗೇ ಆದರೆ ಕೂಸು ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು.

ಕುರುಗೋಡಿನಿಂದ ಅತ್ತೆ ವೀರಭದ್ರಮ್ಮ, ಮೊಳಕೆ ಕಟ್ಟಿ ಒಣಗಿಸಿ ಬೀಸಿದ ರಾಗಿ ಹಿಟ್ಟು ಕಳಿಸಿದರು. ಜೋಳದ ಗಂಜಿ ಆರಿಸಿ ಚಿಟಿಕೆ ಹಾಕಬೇಕಂತೆ, ತೆಳ್ಳಗಾಗುತ್ತದಂತೆ. ಕಾಯಿಲೆಯ ಕೂಸಿಗೆ ಹಸಿ ಹಿಟ್ಟೇ? ನಾನು ಹೈಸ್ಕೂಲಿನ ವಿಜ್ಞಾನದ ಮಾಸ್ತರ, ಕೇಳುತ್ತೀನಾ? ಕೊತಕೊತ ಕುದಿಯುವ ಗಂಜಿಗೇ ಹಾಕಿದೆ. ತೆಳ್ಳಗಾಗಲಿಲ್ಲ. ಮೂರು ಚಮಚ ಹಾಕಿದೆ. ಇನ್ನೂ ಗಟ್ಟಿಯಾಯಿತು.

ಮೂರನೆಯ ದಿನ ಅತ್ತೆಯೇ ಬಂದರು. ನಮ್ಮಲ್ಲಿ ಅತ್ತೆ ಅಳಿಯನ ಜೊತೆ ನೇರ ಮಾತಾಡುವುದಿಲ್ಲ. ತಲೆತುಂಬ ಸೆರಗು ಹೊದ್ದು, ಗೋಡೆಗೆ ಮುಖ ಮಾಡಿ, ನನ್ನ ಹೆಂಡತಿಯ ಮೂಲಕವೇ ನನ್ನನ್ನು ಬೈದರು.

"ಕೊಟ್ರಬಸವ್ವಾ, ಹೇಳು ನಿಮ್ಮ ಮಾಸ್ತರಿಗೆ. ಹಿಟ್ಟಿನ ಜೀವ ಕುದಿಸಿ ಕೊಂದಾರ. ಸತ್ತ ಎತ್ತು ಹತ್ತು ಹೂಡಿದರೂ ಗಾಡಿ ಎಳೀತಾವೇನು?"

ಬೆರಳು ತಾಳುವಷ್ಟು ಆರಿದ ಗಂಜಿಗೆ ಒಂದೇ ಚಿಟಿಕೆ ಹಾಕಿ ತಿರುವಿದರು. ಒಂದು ಎಲೆ ಅಡಿಕೆ ಮೆಲ್ಲುವಷ್ಟರಲ್ಲಿ ಗಂಜಿ ಹಾಲಿನಂತೆ ಸುರಿಯಿತು. ನೀರು ಒಂದು ಹನಿ ಹೆಚ್ಚು ಬಿದ್ದಿರಲಿಲ್ಲ.

ನಾಚಿಕೆಯಾಯಿತು. ಮೊಳಕೆಯಲ್ಲಿ ಕಿಣ್ವ ಹುಟ್ಟುತ್ತದೆ, ಪಿಷ್ಟದ ಉದ್ದ ಸರಪಳಿಯನ್ನು ತಟ್ಟನೆ ತುಂಡರಿಸುತ್ತದೆ, ತಾನು ಸವೆಯದೆ ಮುಂದಿನ ಸರಪಳಿಗೆ ಹೋಗುತ್ತದೆ, ಅದಕ್ಕೇ ಚಿಟಿಕೆ ಸಾಕು. ಬೆಚ್ಚಗಿದ್ದರೆ ಚುರುಕು, ಕುದಿಸಿದರೆ ಕೆಡುತ್ತದೆ ಎಂದು ವರ್ಷವರ್ಷ ಬೋರ್ಡಿನ ಮೇಲೆ ಬರೆದವನು ನಾನೇ. ಎಲ್ಲ ಪುಸ್ತಕದ ಬದನೆಕಾಯಿ!

"ಹಸಿ ಹಿಟ್ಟು ಅಂತ ಅಂಜಿಕಿ ಆತು" ಎಂದೆ, ಹೆಂಡತಿಯನ್ನು ನೋಡುತ್ತ.

"ಅದರ ಕೆಲಸ ಮುಗದೈತಿ. ಈಗ ಬೇಕಾದಷ್ಟು ಕುದಿಸ್ರಿ ಅಂತ ಹೇಳವ್ವಾ. ಯಾರು ಬ್ಯಾಡಂದಾರ?"

ಕುದಿಸಿ ಆರಿಸಿದೆವು. ಈರಮ್ಮ ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು, ಆಮೇಲೆ ಬಟ್ಟಲನ್ನೇ ಎರಡೂ ಕೈಯಲ್ಲಿ ಹಿಡಿದಳು. ಖಾಲಿಯಾದಾಗ ಕಿಟಾರನೆ ಅತ್ತಳು. ಮೂರು ವಾರದ ಮೇಲೆ ಅವಳು ಹಸಿವಿಗೆ ಅತ್ತದ್ದು ಅವತ್ತೇ. ನನಗೂ ತಡೆಯಲಾಗಲಿಲ್ಲ, ಅತ್ತುಬಿಟ್ಟೆ.

ಅತ್ತೆ ಗೋಡೆ ಬಿಟ್ಟು ನನ್ನ ಕಡೆ ತಿರುಗಿದರು. "ನೀವ್ಯಾಕ ಅಳ್ತೀರಿ? ಇನ್ನೊಂದು ಬಟ್ಟಲು ಐತಿ. ತೊಗೊಳ್ರಿ, ನೀವ ಕುಡಿಸ್ರಿ."

ಮದುವೆಯಾಗಿ ನಾಲ್ಕು ವರ್ಷದಲ್ಲಿ ಅವರು ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಬಟ್ಟಲು ಇಸಕೊಂಡು ನಾನೇ ಕುಡಿಸಿದೆ.